ಲಾಂಡ್ರಿ ಯಜಮಾನರ ಕಲೆಬೇಟೆ

ಲಾಂಡ್ರಿ ಯಜಮಾನರ ಕಣ್ಣಿಗೆ ಬೀಳದ ಕಲೆ ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಒಗೆದ ಬಿಳಿ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತರೆಂದರೆ ದಂಡಯಾತ್ರೆಗೆ ಹೊರಟ ಚಕ್ರವರ್ತಿಯೇ ಸರಿ. ಯಾರಾದರೂ ಕುಶಲ ಕೇಳಿದರೆ ಅವರ ಮುಖ ಬಿಟ್ಟು ಅಂಗಿಯ ಕಾಲರ್‌ಗೆ ಉತ್ತರ ಹೇಳುತ್ತಿದ್ದರು. ಯಜಮಾನರ ಬಲಗಣ್ಣಿನಲ್ಲಿ ನೂಲಿನೆಳೆಯಂಥದ್ದೊಂದು ವರ್ಷಗಳಿಂದ ತೇಲುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ‘ಬಾಡಿಗೆದಾರ’. ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, “ಇದು ಇದ್ರೆ ಇರ್ಲಿ. ಆದ್ರೆ ಇದ್ದಕ್ಕಿದ್ದ ಹಾಗೆ ಇಂಥವು ತುಂಬಾ ಮುತ್ಕೊಂಡ್ರೆ, ಮಿಂಚು ಹೊಡೆದ್ರೆ, ಅಂಚಿನಿಂದ ಪರದೆ ಬಂದ ಹಾಗಾದ್ರೆ ಅವತ್ತೇ ಬನ್ನಿ, ನಾಳೆ ಅನ್ಬೇಡಿ” ಎಂದಿದ್ದರು. ಒಂದು ದಿನ ಬೆಳಗಿನಿಂದ ಯಜಮಾನರು ಮಸಿ ಸಿಡಿದಿದೆಯೆಂದು ಒಂದೇ ಅಂಗಿಯನ್ನು ಮತ್ತೆ ಮತ್ತೆ ಒಗೆಸಿದರು. “ರೀ, ಅದು ಹಾಲಿನ ಹಾಗಿದೆ” ಎಂದ ಹೆಂಡತಿಗೆ, “ಮೊದ್ಲು ನೀನು ಕಣ್ಣು ತೋರಿಸ್ಕೋ” ಎಂದು ಗದರಿದರು. ಕಣ್ಣಂಚಿನಲ್ಲಿ ಮಿಂಚು ಹೊಡೆದಾಗ ಬಲ್ಬನ್ನು ಬೈದರು. ಡಾಕ್ಟರಮ್ಮನ ಮಾತು ಕಿವಿಯಲ್ಲಿ ಮೊಳಗದಿರಲೆಂದೇ ಅಷ್ಟು ಜೋರಾಗಿ ಬೈಯುತ್ತಿದ್ದರು. ಕೊನೆಗೆ ತಮ್ಮ ಬ್ರಹ್ಮಾಸ್ತ್ರ ತೆಗೆದರು: ಅಂಗಿಯನ್ನು ತಲೆಕೆಳಗು ಮಾಡುವುದು. ಬಟ್ಟೆಯದೇ ಕಲೆಯಾದರೆ ಬಟ್ಟೆಯ ಜೊತೆ ಅದೂ ತಿರುಗಲೇಬೇಕು. ಅಂಗಿ ತಿರುಗಿತು. ಬಲಮೂಲೆಯಲ್ಲಿ ಆಗತಾನೇ ಕವಿದಿದ್ದ ಕಪ್ಪು ನೆರಳು ಮಾತ್ರ ಅಲ್ಲೇ ನಿಂತಿತ್ತು. ಮತ್ತೊಮ್ಮೆ ತಿರುಗಿಸಿದರು; ಆಗಲೂ ಅಲ್ಲೇ. ಎಡಗಣ್ಣು ಮುಚ್ಚಿ ಹೆಂಡತಿಯನ್ನು ನೋಡಿದರು. ಅವಳ ಮುಖದ ಒಂದು ಪಕ್ಕ ಕಾಣಲಿಲ್ಲ. “ಅಂಗಡಿ ಮುಚ್ಚು,” ಎಂದರು ಮೆಲ್ಲಗೆ. “ನನ್ನ ಕೈ ಹಿಡ್ಕೊಂಡು ಈಗ್ಲೇ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗು. ಅಂಗಿ ಚೆನ್ನಾಗೇ ಇದೆ.”