ಜತನ ಇಟ್ಟ ದ್ಯಾಮವ್ವ

ಅಕ್ಕಿಆಲೂರಿನಿಂದ ಮೂರು ಮೈಲಿ ಒಳಗಿರುವ ಆ ಊರಲ್ಲಿ ದ್ಯಾಮವ್ವ ಎಂದರೆ ಯಾರಿಗೂ ಥಟ್ಟನೆ ಗೊತ್ತಾಗುವುದಿಲ್ಲ, ‘ನೀಲಪ್ಪನ ಮೂಕ ತಂಗಿ’ ಎನ್ನಬೇಕು. ನಲವತ್ತೆಂಟು ವರ್ಷದ ಆಕೆಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಬುದ್ಧಿ ಮಾತ್ರ ಬಲು ಚುರುಕು. ಆಕೆ ಅಕ್ಕಿ ಹಸನು ಮಾಡಿದರೆ ಒಂದು ಹರಳು ಹಲ್ಲಿಗೆ ಸಿಗುತ್ತಿರಲಿಲ್ಲ. ಕಂಡವರಿಗೆಲ್ಲ ಒಂದೊಂದು ಸನ್ನೆ ಕಟ್ಟಿಟ್ಟಿದ್ದಳು. ಮೂಗುತಿಯ ಜಾಗ ಮುಟ್ಟಿದರೆ ಅತ್ತಿಗೆ ನಾಗವ್ವ. ಒಂದು ಕಾಲು ಎಳೆದು ನಡೆದು ತೋರಿಸಿದರೆ ತನುಜಾ.

ತನುಜಾ ಪಂಚಾಯಿತಿಯಿಂದ ಅಂಗವಿಕಲರ ಮನೆಮನೆಗೆ ಹೋಗುವ ಕಾರ್ಯಕರ್ತೆ. ಹುಬ್ಬಳ್ಳಿಯಲ್ಲಿ ಓದಿ ಈ ಊರಿಗೆ ಸೊಸೆಯಾಗಿ ಬಂದವಳು. ಅವಳ ಎಡಗಾಲು ಹುಟ್ಟಿನಿಂದ ಗಿಡ್ಡ. ಆ ಸನ್ನೆ ಮೊದಲ ಸಲ ಕಂಡಾಗ ಅವಳ ಮೋರೆ ಸಣ್ಣದಾಗಿತ್ತು. ನಾಗವ್ವ ಹೊಟ್ಟೆ ಹಿಡಿದು ನಕ್ಕಿದ್ದಳು.

“ಸಿಟ್ಟಾಗಬ್ಯಾಡ ತಂಗಿ. ಮಠದ ಸ್ವಾಮ್ಯಾರು ಬಂದ್ರೂ ಬಿಡಂಗಿಲ್ಲ ಇಕಿ. ಅವರ ಹೊಟ್ಟಿ ಅಣಕಸ್ತಾಳ!”

ಮೂರು ತಿಂಗಳಿಗೊಮ್ಮೆ ತುಂಬುವ ನಮೂನೆಯಲ್ಲಿ ‘ಆರೈಕೆ ಹೇಗಿದೆ?’ ಎಂಬ ಪ್ರಶ್ನೆ ಇರುತ್ತಿತ್ತು. “ಜತನ ಇಟ್ಟೇವಿ ಅಂತ ಬರಕೊ” ಎನ್ನುತ್ತಿದ್ದಳು ನಾಗವ್ವ. ತನುಜಾ ಮೂರು ವರ್ಷ ಹಾಗೆಯೇ ಬರೆದಳು. ಜತನ ಎಂದರೆ ಅಕ್ಕರೆ, ಕಾಳಜಿ ಎಂದೇ ಅವಳು ತಿಳಿದಿದ್ದಳು. ಈ ಕಡೆಯವರು ಬಂಗಾರವನ್ನೂ ಜತನ ಇಡುತ್ತಾರೆ, ಬೀಜದ ಭತ್ತವನ್ನೂ ಜತನ ಇಡುತ್ತಾರೆ, ಕೀಲಿ ಹಾಕಿ. ಅದು ಅವಳ ತಲೆಗೆ ಹೋಗಿರಲೇ ಇಲ್ಲ.

ನಾಟಿಯ ದಿನಗಳಲ್ಲಿ ಒಂದು ಮಧ್ಯಾಹ್ನ ತನುಜಾ ಹೇಳದೆ ಕೇಳದೆ ಆ ಮನೆಗೆ ಹೋದಳು. ಬಾಗಿಲಿಗೆ ಬೀಗ. ಒಳಗೆ ಯಾರೋ ಕದದ ಹಲಗೆ ಬಡಿಯುತ್ತಿದ್ದರು. ಕಿಟಕಿಯಿಂದ ಇಣುಕಿದರೆ, ಕತ್ತಲೆಯ ಕೋಣೆಯಲ್ಲಿ ದ್ಯಾಮವ್ವ. ಮಗ್ಗುಲಲ್ಲಿ ಒಂದು ಕೊಡ ನೀರು, ಮೂಲೆಯಲ್ಲೊಂದು ಬಕೆಟ್ಟು. ಬೆಳಗಿನ ಎಂಟರಿಂದ ಸಂಜೆ ಆರರವರೆಗೆ, ಒಂಬತ್ತು ವರ್ಷಗಳಿಂದ ಹೀಗೇ ಎಂದಳು ಪಕ್ಕದ ಮನೆಯವಳು.

ಸಂಜೆ ಗದ್ದೆಯಿಂದ ಬಂದ ನಾಗವ್ವ ಕೆಸರುಗಾಲಿನಲ್ಲೇ ಕಟ್ಟೆಯ ಮೇಲೆ ಕುಸಿದಳು.

“ಸಂತಿಗಂತ ಹ್ವಾದಾಕಿ ಹೊಳ್ಳಿ ಬರಲಿಲ್ಲ. ಮರುದಿನ ಬಂಕಾಪುರದ ಹೈವೇ ಕಡೆ ಸಿಕ್ಕಳು. ಕುಬಸ ಹರದಿತ್ತು. ಯಾರು ಅಂತ ಹೆಂಗ ಹೇಳ್ಯಾಳು? ಮೈ ತೊಳದಾಕಿ ನಾನ. ಅವತ್ತಿಂದ ಜತನ ಇಟ್ಟೇವಿ ತಂಗಿ. ತಪ್ಪೇನು?”

ಮುಂದಿನ ವಾರ ಸವಣೂರಿನಲ್ಲಿ ತರಬೇತಿ ಇತ್ತು. ಹೇಳಿಕೊಡಲು ಬಂದ ವಕೀಲೆ ಫರ್ಹತ ಹಲಗೆಯ ಮೇಲೆ ದೌರ್ಜನ್ಯ, ನಿರ್ಲಕ್ಷ್ಯ, ಶೋಷಣೆ ಎಂದು ಬರೆದರು. ಹೊಡೆಯದಿದ್ದರೂ ಕೂಡಿಹಾಕುವುದು ದೌರ್ಜನ್ಯವೇ ಎಂದರು. ಅಂಗವಿಕಲರ ಹಕ್ಕುಗಳ ೨೦೧೬ರ ಕಾಯಿದೆಯ ಏಳನೇ ಕಲಮಿನಡಿ, ವಿಷಯ ಗೊತ್ತಾದ ಯಾರೇ ಆಗಲಿ ತಾಲೂಕು ದಂಡಾಧಿಕಾರಿಗೆ ತಿಳಿಸಬಹುದು ಎಂದರು. ಆಮೇಲೆ ‘ಸಮ್ಮತಿ’ ಎಂದು ಬರೆಯುವಷ್ಟರಲ್ಲಿ ತನುಜಾಳ ಫೋನು ನಡುಗಿತು. ಎಂಟು ತಿಂಗಳ ಮಗಳಿಗೆ ಮೈ ಬೆಚ್ಚಗಾಗಿದೆ, ಹಾಲು ಕುಡಿಯುತ್ತಿಲ್ಲ ಎಂದು ಅತ್ತೆ. ಅವಳು ಆ ಒಂದು ಪದ ಗೀಚಿಕೊಂಡು ಎದ್ದುಬಿಟ್ಟಳು. ಯಾರನ್ನು ಕಾಪಾಡಬೇಕೋ ಅವರನ್ನೇ ಮೊದಲು ಕೇಳಬೇಕು ಎಂದು ವಕೀಲೆ ಆಮೇಲೆ ಹೇಳಿದ್ದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು.

ಅರ್ಜಿಯಲ್ಲಿ ‘ರಕ್ಷಿಸಿ ಸುರಕ್ಷಿತ ಸ್ಥಳಕ್ಕೆ ಸೇರಿಸಬೇಕು’ ಎಂದು ಬರೆದಳು. ಅವಳಿಗೆ ಬೇಕಾಗಿದ್ದು ಆ ಬೀಗ ತೆಗೆಯುವುದಷ್ಟೇ. ಆದರೆ ಬರೆದದ್ದು ಬರೆದ ಹಾಗೇ ಆಯಿತು. ಜೀಪು ಬಂತು. ದ್ಯಾಮವ್ವ ನಾಗವ್ವನ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಳು. ಬೆರಳು ಬಿಡಿಸಲು ಇಬ್ಬರು ಪೇದೆಯರು ಬೇಕಾದರು. ಗುಂಪಿನಲ್ಲಿ ತನುಜಾಳನ್ನು ಕಂಡದ್ದೇ ಆಕೆಯ ಮುಖ ಅರಳಿತು. ಒಂದು ಕಾಲು ಎಳೆದು ತೋರಿಸಿ, ಪೇದೆಯರಿಗೆ ಕೈಮಾಡಿದಳು: ಅಗೋ, ನಮ್ಮವಳು ಬಂದಳು, ಬಿಡಿಸುತ್ತಾಳೆ.

ಹಾವೇರಿಯ ಕಡೆಯ ಒಂದು ಆಶ್ರಯಧಾಮಕ್ಕೆ ಸೇರಿಸಿದರು. ತಿಂಗಳ ಮೇಲೆ ತನುಜಾ ಹೋದಾಗ ದ್ಯಾಮವ್ವನ ಬಟ್ಟೆ ಶುಭ್ರವಾಗಿತ್ತು, ಕೂದಲು ಕತ್ತರಿಸಿದ್ದರು, ಮೈ ಇಳಿದುಹೋಗಿತ್ತು. ಎಲ್ಲಿರಬೇಕು ಎಂದು ತನುಜಾ ಸನ್ನೆಯಲ್ಲಿ ಕೇಳಿದಳು, ಅದೇ ಮೊದಲ ಸಲ. ದ್ಯಾಮವ್ವ ತಡಮಾಡದೆ ಮೂಗುತಿಯ ಜಾಗ ಮುಟ್ಟಿಕೊಂಡಳು. ಮತ್ತೆ ಮುಟ್ಟಿಕೊಂಡಳು.

“ಕರಕೊಂಡು ಹೋಗ್ತೀವಿ ಅಂತ ಮನಿಯವರು ಬರೆದುಕೊಟ್ರ ತಹಶೀಲ್ದಾರ ಸಾಹೇಬರು ಆದೇಶ ಬದಲ್ ಮಾಡ್ತಾರ್ರಿ” ಎಂದರು ಅಲ್ಲಿಯ ಮೇಲ್ವಿಚಾರಕಿ. ತನುಜಾಳಿಗೆ ಅಳು ಬಂತು, ಸಂತೋಷಕ್ಕೆ. ಇನ್ನೂ ಸಹಿ ಆಗಿಲ್ಲ ಎಂಬುದನ್ನೂ ಮರೆತು, ಬರುವ ಸೋಮವಾರ ಮನೆಗೆ ಹೋಗೋಣ ಎಂದು ಬೆರಳಲ್ಲಿ ದಿನ ಎಣಿಸಿ ಸನ್ನೆ ಮಾಡಿಬಿಟ್ಟಳು.

ನಾಗವ್ವ ಕಾಗದವನ್ನು ಕೈಯಿಂದಲೂ ಮುಟ್ಟಲಿಲ್ಲ.

“ಕೀಲಿ ಹಾಕಿದ್ರ ಕೇಸು. ಹಾಕಲಿಲ್ಲಂದ್ರ ಆ ಸಂತಿ ದಿನ. ನಾ ಗದ್ದಿಗೆ ಹ್ವಾದಾಗ ಯಾರು ಕಾಯ್ತಾರ, ನೀ ಬಂದು ಕುಂದರ್ತಿಯೇನು?”

ತನುಜಾಳ ಕಂಕುಳಲ್ಲಿ ಮಗು ರಚ್ಚೆ ಹಿಡಿದಿತ್ತು. ಅವಳು ಅದನ್ನು ಹೆಗಲಿಗೇರಿಸಿ ತಟ್ಟತೊಡಗಿದಳು.

“ನೋಡಿದಿ? ನಿನ್ನ ಕೂಸಿಗೆ ಅಂತ ನಿನಗ ಹೊತ್ತಿಲ್ಲ. ಊರ ಮುಂದ ಜೀಪ್ ಹತ್ತಿಸಿದ್ರಿ, ಅಕಿ ಅಣ್ಣ ತಲಿ ಎತ್ತಿ ಅಡ್ಡಾಡವಲ್ಲ. ಅಕಿ ಹ್ವಾದಾಗಿಂದ ನನಗ ತುತ್ತು ಇಳಿವಲ್ದು. ಆದ್ರೂ ಸಹಿ ಮಾಡಂಗಿಲ್ಲವ್ವ. ಇನ್ನೊಮ್ಮೆ ಏನರ ಆತಂದ್ರ ಅಕಿ ಮೈ ತೊಳಿಯೋ ಶಕ್ತಿ ನನಗಿಲ್ಲ.”

ಸೋಮವಾರ ತನುಜಾ ಬರಿಗೈಯಲ್ಲಿ ಬಸ್ಸು ಹತ್ತಿದಳು. ದ್ಯಾಮವ್ವ ತಲೆಗೆ ಎರೆದುಕೊಂಡು ಬೆಳಗಿನಿಂದಲೇ ವರಾಂಡದ ಬೆಂಚಿನ ಮೇಲೆ ಕೂತಿದ್ದಳಂತೆ. ಧಾಮದವರು ಕೊಟ್ಟ ಸಾಬೂನು, ಬಾಚಣಿಗೆ ಎಲ್ಲವನ್ನೂ ಮಗ್ಗುಲ ಹಾಸಿಗೆಯವಳಿಗೆ ಹಂಚಿಬಿಟ್ಟಿದ್ದಳು. ಇದ್ದೆರಡು ಸೀರೆ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದಳು. ತನುಜಾ ಇಲ್ಲ ಎಂದು ತಲೆಯಾಡಿಸಿದಳು, ಕೈಯಾಡಿಸಿದಳು. ಚೇಷ್ಟೆ ಇರಬೇಕೆಂದು ದ್ಯಾಮವ್ವ ನಕ್ಕಳು. ಎದ್ದು, ಗಂಟನ್ನು ಕಂಕುಳಿಗೆ ಸೇರಿಸಿ, ತನುಜಾಳ ಕೈ ಹಿಡಿದುಕೊಂಡು ಗೇಟಿನ ಕಡೆಗೆ ಎಳೆಯತೊಡಗಿದಳು.