ಗೋಡೆಗೆ ನೀರುಣಿಸುವ ಆರ್ಲೆಟ್

ಸೂರ್ಯ ಇನ್ನೂ ಮೂಡಿಲ್ಲ. ಮಾರುಕಟ್ಟೆಯ ಹಿಂಬಾಗಿಲಲ್ಲಿ ಮೀನಿನ ಪೆಟ್ಟಿಗೆಗಳು ಇಳಿಯುತ್ತಿವೆ. ಮುಂಬಾಗಿಲ ಮೇಲೆ, ಎತ್ತುವ ಯಂತ್ರದ ತೊಟ್ಟಿಲಲ್ಲಿ ನಿಂತು ಹೆಂಗಸೊಬ್ಬರು ಗೋಡೆಯ ತಲೆ ಬಾಚುತ್ತಿದ್ದಾರೆ. ಹೀಗೆಂದರೆ ತಪ್ಪೇನಿಲ್ಲ. ನಮ್ಮೂರ ಮಾರುಕಟ್ಟೆಯ ಈ ಗೋಡೆಗೆ ಅಡಿಯಿಂದ ಮುಡಿಯವರೆಗೆ ಜರೀಗಿಡ, ಬಳ್ಳಿ, ಹುಲ್ಲು. ಒಣಗಿದ ಎಲೆಯನ್ನು ಬೆರಳಲ್ಲಿ ಹುಡುಕಿ ಕತ್ತರಿಸುತ್ತಾರೆ, ಉಳಿದದ್ದನ್ನು ಸವರಿ ಬಿಡುತ್ತಾರೆ.

"ಕೆಳಗೆ ಯಾರ್ರೀ ಇರೋದು? ಕಸ ಬೀಳುತ್ತೆ, ತಲೆ ನೋಡ್ಕೊಳ್ಳಿ!"

"ಬೀಳಲಿ ಬಿಡೇ ತಾಯಿ," ಎಂದು ಮೀನಂಗಡಿಯ ಬಾರ್ನಾಬೆ ಬೋಳುತಲೆ ಸವರಿಕೊಳ್ಳುತ್ತಾನೆ. "ಇಲ್ಲೂ ಏನಾದ್ರೂ ಚಿಗುರುತ್ತೇನೋ ನೋಡೋಣ."

ಮೇಲಿರುವವರು ಆರ್ಲೆಟ್ ವೆರ್ದಿಯೆ. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಗಂಟಲು, ನೋಯುವ ಮಂಡಿ. ಈ ಗೋಡೆಗೆ ಮೊದಲು ಗಿಡ ಕೂರಿಸಿದಾಗ ನರ್ಸರಿಯ ಲಾರಿಯಲ್ಲಿ ಸಸಿಗಳ ಜೊತೆ ಬಂದವರು. ಲಾರಿ ವಾಪಸ್ಸು ಹೋಯಿತು, ಇವರು ಉಳಿದರು. ಊರಿನ ಅರ್ಧ ಜನಕ್ಕೆ ಇವರ ಹೆಸರು ಗೊತ್ತಿಲ್ಲ. ಊರಿಗೆ ಬಂದವರೆಲ್ಲ ಇವರ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಆಗ ಇವರಿಗೆ ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ.

ಈ ಗೋಡೆಯಲ್ಲಿ ಮಣ್ಣಿಲ್ಲ. ದಪ್ಪ ಕಂಬಳಿಯಂಥ ಬಟ್ಟೆಯ ಜೇಬುಗಳಲ್ಲಿ ಬೇರುಗಳು ಕೂತಿವೆ, ಮೇಲಿನ ಕೊಳವೆಯಿಂದ ನೀರು ತೊಟ್ಟಿಕ್ಕುತ್ತದೆ. ನಮ್ಮೂರ ನೀರು ಗಡುಸು, ಸುಣ್ಣ ಕಟ್ಟಿ ತೂತುಗಳು ಮುಚ್ಚಿಹೋಗುತ್ತವೆ. ಅವನ್ನು ಒಂದೊಂದಾಗಿ ಸೂಜಿಯಿಂದ ಚುಚ್ಚಿ ಬಿಡಿಸಬೇಕು. ಉತ್ತರದಿಂದ ಬೀಸುವ ಬಿರುಗಾಳಿ ಮಿಸ್ಟ್ರಾಲ್ ಎದ್ದ ದಿನ ತೊಟ್ಟಿಲು ಜೋಲಿ ಹೊಡೆಯುತ್ತದೆ. "ಗಾಳಿಗೆ ಬೈದ್ರೆ ಬಾಯಿಗೆ ಧೂಳು," ಎನ್ನುತ್ತಾರೆ ಆರ್ಲೆಟ್. "ಕೆಳಗಿಳಿದು ಕಾಫಿ ಕುಡಿಯೋದೇ ವಾಸಿ."

ಕಳೆದ ಬೇಸಿಗೆಯಲ್ಲಿ ಮಾತ್ರ ಅವರ ಕಾಫಿ ಕಹಿಯಾಗಿತ್ತು. ಇಲ್ಲಿ ಆಗಸ್ಟೆಂದರೆ ಉರಿಬಿಸಿಲು, ಆಗಲೇ ನೀರಿನ ಪಂಪು ಕೆಟ್ಟಿತು. ದುರಸ್ತಿಯಾಗುವಷ್ಟರಲ್ಲಿ ಬಾಗಿಲ ಪಕ್ಕದ ಮೂಲೆಯೊಂದು ಸುಟ್ಟಂತೆ ಕಂದಿತು. ಉಳಿದ ಗೋಡೆ ಚೇತರಿಸಿಕೊಂಡರೂ ಆ ಮೂಲೆ ಚೇತರಿಸಿಕೊಳ್ಳಲಿಲ್ಲ. ಊರಿನ ಬೆಕ್ಕುಗಳೆಲ್ಲ ಅದರ ಕೆಳಗೇ ಬಂದು ಕೂರತೊಡಗಿದವು. ಆರ್ಲೆಟ್ ಗೋಡೆಯ ಬಟ್ಟೆಗೆ ಮೂಗಿಟ್ಟು ನೋಡಿದರು, ನೇರ ಮೀನಂಗಡಿಗೆ ನಡೆದರು.

"ಗೋಡೆಗೆ ಏನು ಕುಡಿಸಿದ್ಯೋ?"

"ಬಾಯಾರಿ ಸಾಯ್ತಿತ್ತಲ್ಲೇ! ಮೀನಿನ ಕೆಳಗೆ ಕರಗಿದ ಐಸ್ ನೀರಿತ್ತು, ತಣ್ಣಗೆ. ದಿನಾ ಎರಡು ಬಕೆಟ್ ಹಾಕ್ದೆ."

"ಚಿಪ್ಪುಮೀನಿನ ಉಪ್ಪುನೀರೆಲ್ಲ ಅದ್ರಲ್ಲೇ ಸೇರುತ್ತಲ್ಲೋ ದಡ್ಡ! ಗಿಡಾನೇ ಉಪ್ಪಿನಕಾಯಿ ಹಾಕಿದೀಯ!"

ನಗರಸಭೆಯಿಂದ ಬಂದ ಅಧಿಕಾರಿಣಿ ಸೌಮ್ಯವಾಗಿಯೇ ಹೇಳಿದರು: ಅಕ್ಟೋಬರಿನಲ್ಲಿ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಚಿಗುರದಿದ್ದರೆ ಆ ಮೂಲೆ ಕಿತ್ತು ತಗಡು ಹೊಡೆಸುತ್ತೇವೆ. ಆರ್ಲೆಟ್‌ಗೆ ನಿದ್ದೆ ಹಾರಿತು. "ಇವತ್ತು ಮೂಲೆ ಅಂತಾರೆ, ನಾಳೆ ಇಡೀ ಗೋಡೆ. ತಗಡಿಗೆ ನೀರು ಬೇಡ, ನಾನೂ ಬೇಡ." ಅಂದಿನಿಂದ ಪ್ರತಿ ಬೆಳಗ್ಗೆ ಆ ಮೂಲೆಗೆ ಸಿಹಿನೀರಿನ ಸ್ನಾನ. ನೀರು ಹೊತ್ತದ್ದು ಬಾರ್ನಾಬೆ, ಬೈಗುಳ ತಿಂದದ್ದೂ ಬಾರ್ನಾಬೆ. ಸೆಪ್ಟೆಂಬರ್ ಪೂರ್ತಿ ಕಳೆದರೂ ಒಂದು ಎಲೆ ಬರಲಿಲ್ಲ.

ಅಧಿಕಾರಿಣಿ ಬರುವ ದಿನ ನಾನೂ ಅಲ್ಲಿದ್ದೆ. ಮೂಲೆ ಹಚ್ಚಹಸಿರು! ಅಂಗಡಿಯವರೆಲ್ಲ ಎದೆಯುಬ್ಬಿಸಿ ನಿಂತಿದ್ದರು. ಅಧಿಕಾರಿಣಿಯ ಮುಖವೂ ಅರಳಿತು. ತೊಟ್ಟಿಲಿನಿಂದ ಇಳಿದ ಆರ್ಲೆಟ್ ಮಾತ್ರ ಆ ಮೂಲೆಯ ಎಲೆಯೊಂದನ್ನು ಬೆರಳಲ್ಲಿ ತಿಕ್ಕಿ ಮೂಸಿದರು. ಅಷ್ಟರಲ್ಲಿ ಮೀನಿನ ಬುಟ್ಟಿ ಹಿಡಿದ ಅಜ್ಜಿ ಮದಾಂ ಪೆರೋಲ್ ಅಂಗಡಿಯಿಂದ ಹೊರಗೆ ಬಂದು ಬಾರ್ನಾಬೆಯ ತೋಳು ಜಗ್ಗಿದರು.

"ನನ್ನ ಪಾರ್ಸ್ಲಿ ಎಲ್ಲೋ? ಮೀನಿನ ಜೊತೆ ಒಂದು ಕಟ್ಟು ಸೊಪ್ಪು ಪುಕ್ಕಟೆ ಕೊಡೋದು ನಿಮ್ಮಪ್ಪನ ಕಾಲದಿಂದ ಇದೆ!"

ಬಾರ್ನಾಬೆ ಕಣ್ಸನ್ನೆ ಮಾಡಿದ, ಕೆಮ್ಮಿದ, ಕಾಲು ತುಳಿದ. ಅಜ್ಜಿ ಬಿಡಲಿಲ್ಲ. ಆಗಲೂ ಆರ್ಲೆಟ್ ಸುಮ್ಮನಿದ್ದಿದ್ದರೆ ಗೋಡೆ ಉಳಿಯುತ್ತಿತ್ತು. ಆದರೆ ಅವರು ಕೈಚಾಚಿ ಗೋಡೆಯಿಂದ ಒಂದು ಹಿಡಿ ಸೊಪ್ಪು ಕಿತ್ತು ಅಜ್ಜಿಯ ಬುಟ್ಟಿಗಿಟ್ಟರು. "ತಗೊಳ್ಳಿ ಮದಾಂ, ನಿಮ್ಮದು." ಆಮೇಲೆ ಒಂದೊಂದೇ ಜೇಬಿನಿಂದ ಬಾರ್ನಾಬೆ ಸಿಕ್ಕಿಸಿದ್ದ ಪಾರ್ಸ್ಲಿಯನ್ನೆಲ್ಲ ಎಳೆಯತೊಡಗಿದರು. "ಇದು ನನ್ನ ಗೋಡೆಯ ಹಸಿರಲ್ಲ. ನೀವು ನೋಡ್ಬೇಕಾದ್ದು ನೋಡಿ," ಎಂದು ಅಧಿಕಾರಿಣಿಯತ್ತ ತಿರುಗಿದರು.

ನನಗೆ ಅವರ ಬಾಯಿ ಮುಚ್ಚಿಸುವಷ್ಟು ಸಂಕಟವಾಯಿತು. ಕಂದಿದ ಬಟ್ಟೆ ಮತ್ತೆ ಬಯಲಾಯಿತು. ಕೊನೆಯ ಕಟ್ಟು ಎಳೆಯುವಾಗ ಆರ್ಲೆಟ್‌ರ ಕೈ ನಿಂತಿತು. ಜೇಬಿನ ಬುಡದಲ್ಲಿ, ಹಳೆಯ ಬೇರಿನಿಂದ, ಜರೀಗಿಡದ ಸುರುಳಿ ಚಿಗುರೊಂದು ತಲೆ ಎತ್ತಿತ್ತು. ಪಕ್ಕದ ಜೇಬಿನಲ್ಲಿ ಇನ್ನೊಂದು. ಹಿಂದಿನ ದಿನ ಇದ್ದವೋ ಇಲ್ಲವೋ, ಅವರಿಗೂ ಗೊತ್ತಿಲ್ಲ.

ಅಧಿಕಾರಿಣಿ ಬಗ್ಗಿ ಬಹಳ ಹೊತ್ತು ನೋಡಿದರು. "ತಗಡು ಬೇಡ ಮದಾಂ ವೆರ್ದಿಯೆ," ಎಂದರು. "ಆ ಕಿತ್ತ ಸೊಪ್ಪು ನನಗೊಂದು ಕಟ್ಟು ಕೊಡಿ, ಮನೇಲಿ ಮೀನಿದೆ."

ಈಗ ಆ ಮೂಲೆ ಉಳಿದ ಗೋಡೆಗಿಂತ ಒಂದು ಕೈ ಹೆಚ್ಚೇ ದಟ್ಟ. ಬೆಕ್ಕುಗಳು ಬೇರೆ ಕಡೆ ಹೋಗಿವೆ. ಬಿಸಿಲೇರುವ ಹೊತ್ತಿಗೆ ಆರ್ಲೆಟ್ ಮಾರುಕಟ್ಟೆಯೊಳಗೆ ಕಾಫಿ ಹಿಡಿದು ಕೂತಿರುತ್ತಾರೆ. ಹೊರಗೆ ಫೋಟೋ ತೆಗೆದವರು ಒಳಗೆ ಬಂದು ಇವರನ್ನೇ ಕೇಳುವುದುಂಟು, ಇದೆಲ್ಲ ತಾನಾಗೇ ಬೆಳೆಯುತ್ತಾ ಎಂದು.

"ನೀವೇನು ಹೇಳ್ತೀರಿ?" ಎಂದೆ.

"ಹೂಂ, ತಾನಾಗೇ ಅಂತೀನಿ." ಕಪ್ಪಿನ ತಳದ ಸಕ್ಕರೆಯನ್ನು ಚಮಚದಲ್ಲಿ ಕೆರೆದು ತಿಂದರು. "ಹಾಗೆ ಕಾಣ್ಲಿ ಅಂತ್ಲೇ ಅಲ್ವಾ ನಾನು ಬೆಳಗ್ಗೆ ಏಳೋದು."