ಏಳು-ಎಂಬತ್ತಾರು

ನೌಬಾದಿನಲ್ಲಿ ರಹೀಮುನ್ನಿಸಾಳ ಗ್ಯಾರೇಜು ಎಲ್ಲಿ ಎಂದು ಕೇಳಿದರೆ ಯಾರೂ ವಿಳಾಸ ಹೇಳುತ್ತಿರಲಿಲ್ಲ. "ಹೊಗಿ ಕಾಣ್ತದಲ್ರಿ, ಅಲ್ಲೇ" ಎನ್ನುತ್ತಿದ್ದರು. ಹಳೆಯ ಜಪಾನಿ ಟೂ-ಸ್ಟ್ರೋಕ್ ಬೈಕುಗಳು ಹೊಗೆ ಬಿಡದೆ ಮಾತಾಡುವುದಿಲ್ಲ. ಆಕೆಯೂ ಅಷ್ಟೆ, ಎರಡು ಮಾತು ಬೈಯದೆ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿರಲಿಲ್ಲ. ಅಪ್ಪ ಕರೀಮ ಸಾಬ ತೀರಿಕೊಂಡಾಗ, ಹೆಣ್ಣುಮಗಳು ಗ್ಯಾರೇಜು ನಡೆಸುವುದುಂಟೇ, ಕೀಲಿ ನಮ್ಮ ಕೈಗೆ ಕೊಡಲಿ ಎಂದು ಸಂಬಂಧಿಕರು ಸಾಲಾಗಿ ಬಂದು ಕೂತಿದ್ದರು. ಆಕೆ ಎಲ್ಲರಿಗೂ ಚಹಾ ಕೊಟ್ಟಳು, ಕೀಲಿ ಕೊಡಲಿಲ್ಲ. ಅದಾಗಿ ಹನ್ನೊಂದು ವರ್ಷವಾಗಿತ್ತು.

ಆಕೆಯ ಹೆಚ್ಚುಗಾರಿಕೆ ಎಂದರೆ ಗಾಡಿಯ ಇಸವಿ ಹೇಳುವುದು. ಹೈದರಾಬಾದಿನಲ್ಲಿ ಓಡಿ, ಮಾಲೀಕ ಬದಲಾಗಿ, ನಂಬರು ಬದಲಾಗಿ ಬೀದರಿಗೆ ಬಂದು ಬಿದ್ದ ಗಾಡಿಯ ಆರ್‌ಸಿ ಪುಸ್ತಕವನ್ನು ಯಾರು ನಂಬಬೇಕು? ರಹೀಮುನ್ನಿಸಾ ಗೋಣಿಚೀಲ ಹಾಸಿ, ಗಾಡಿಯ ಪಕ್ಕ ಮಲಗಿ, ಇಂಜಿನ್ನಿನ ಸ್ಕ್ರೂಗಳ ತಲೆ ನೋಡುತ್ತಿದ್ದಳು. ಜಪಾನಿನ ಸ್ಕ್ರೂವಿಗೆ ಪ್ಲಸ್ ಗುರುತಿನ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಇರುತ್ತದೆ. ಸಾಮಾನು ಅಲ್ಲಿಂದ ತರಿಸಿ ಇಲ್ಲಿ ಜೋಡಿಸಿದ ಮೊದಮೊದಲ ಗಾಡಿಗಳಲ್ಲಿ ಆ ಚುಕ್ಕೆ ನೋಡು ಎಂದು ಅಪ್ಪ ಕಲಿಸಿದ್ದ. ಇನ್ನೂ ಹತ್ತೆಂಟು ಗುರುತುಗಳಿದ್ದವು, ಅವನ್ನು ಆಕೆ ಯಾರಿಗೂ ಹೇಳಿದವಳಲ್ಲ. ಎದ್ದು ಚೀಟಿಯ ಮೇಲೆ ಇಸವಿ ಬರೆದು ಸಹಿ ಹಾಕಿದಳೆಂದರೆ ಹೈದರಾಬಾದಿನ ಶೋಕಿಲಾಲರಿಗೆ ಅದೇ ಆಧಾರ.

ಲಾತೂರಿಗೆ ರೈಲಿನಲ್ಲಿ ನೀರು ಹೋದ ಬೇಸಿಗೆ ಅದು. ಔರಾದ ಕಡೆಯ ಊರುಗಳಿಂದ ಜನ ಪುಣೆಗೆ, ಹೈದರಾಬಾದಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಹೊರಟವರು ಮೊದಲು ಎತ್ತು ಮಾರುತ್ತಿದ್ದರು, ಆಮೇಲೆ ಬೈಕು. ಆ ಬೈಕುಗಳನ್ನು ಹೆಕ್ಕುತ್ತಿದ್ದವನು ಭಾಲ್ಕಿಯ ಕಾಶೀರಾಮ. ಹಳ್ಳಿಯವರ ಮುಂದೆ "ಹಳೀ ಡಬ್ಬಾ" ಎಂದು ಮುಖ ಸಿಂಡರಿಸಿ ಕೊಳ್ಳುವುದು, ಹೈದರಾಬಾದಿನವರ ಮುಂದೆ ಅದೇ ಡಬ್ಬಾಕ್ಕೆ ಶಾಲು ಹೊದಿಸುವುದು, ಇದು ಅವನ ಕಸುಬು. ಆ ವರ್ಷ ಅವನಿಗೆ ಹೊಸದೊಂದು ಸಿಕ್ಕಿತ್ತು. ಎಷ್ಟೋ ಗಾಡಿಗಳಲ್ಲಿ, ಇಂಜಿನ್ನಿನ ಕಿಕ್ ಬದಿಯ ಮುಚ್ಚಳದ ಕೆಳ ಅಂಚಿನಲ್ಲಿ, ಏಳು, ಸ್ವಲ್ಪ ಜಾಗ ಬಿಟ್ಟು ಎಂಬತ್ತಾರು ಎಂದು ಅಂಕಿ ಒತ್ತಿತ್ತು. ಎಂಬತ್ತಾರನೇ ಇಸವಿ, ಏಳನೇ ತಿಂಗಳು, ಕಂಪನಿಯ ಅಚ್ಚು ಎಂದು ಅವನು ಸಾರಿದ. ಬೀದರಿನ 'ಏಳು-ಎಂಬತ್ತಾರು' ಬೇಕೆಂದು ಜನ ಹುಡುಕಿಕೊಂಡು ಬರತೊಡಗಿದರು.

ಹೀಗಿರುವಾಗ ಒಂದು ಬೆಳಗ್ಗೆ ಚಿಂತಾಕಿಯ ಶಾಲುಬಾಯಿ ಟೆಂಪೋದಲ್ಲಿ ಗಾಡಿ ಹೇರಿಕೊಂಡು ಗ್ಯಾರೇಜಿಗೆ ಬಂದಳು. ಗಂಡ ಪಂಢರಿ ಆಗಲೇ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ್ದ. ಗಾಡಿ ಮಾರಿ, ಮಕ್ಕಳನ್ನು ಕರೆದುಕೊಂಡು ಅವಳೂ ಹೊರಡಬೇಕಿತ್ತು.

"ಕಾಶೀರಾಮ ಸೇಟ್ ಇದಕ್ಕ ಅಚ್ಚೇ ಇಲ್ಲ, ಹಳೀ ಕಬ್ಬಿಣದ ಮೋಡಕಾಕ್ಕ ತೂಕಕ್ಕ ಹಾಕ್ತೇನಿ ಅಂತಾನ ಆಪಾ. ಮಾವನವರು ಇದನ್ನ ಮಗನ್ನ ನೋಡ್ದಂಗ ನೋಡ್ಯಾರ್ರಿ. ತೂಕಕ್ಕ ಹಾಕೂದಕ್ಕಿಂತ ಮೊದಲ ನೀವೊಮ್ಮಿ ನೋಡ್ರಿ."

ರಹೀಮುನ್ನಿಸಾ ಮಲಗಿ ನೋಡಿದಳು. ಪ್ರತಿ ಸ್ಕ್ರೂವಿನ ಮೇಲೂ ಚುಕ್ಕೆ. ಒಂದರ ತಲೆಯೂ ಸವೆದಿಲ್ಲ, ಅಂದರೆ ಸ್ಕ್ರೂಡ್ರೈವರೇ ತಾಗಿಲ್ಲ. ಇಂಥ ಗಾಡಿ ನೋಡಿ ಎಷ್ಟು ಕಾಲವಾಗಿತ್ತೋ, ಆಕೆಗೆ ಏಳುವ ಮನಸ್ಸೇ ಆಗಲಿಲ್ಲ.

ಅಷ್ಟರಲ್ಲಿ ಕಾಶೀರಾಮ ಬಂದಿಳಿದ. ಹಿಂದೆ ಮೂರು ಬೈಕು, ಜೊತೆಗೆ ಅವನ್ನು ಕೊಳ್ಳಲು ಹೈದರಾಬಾದಿನಿಂದ ಬಂದ ಜಹೀರೋದ್ದೀನ. ಎಲ್ಲಕ್ಕೂ ಅಚ್ಚಿದ್ದರೂ ಆಪಾನ ಚೀಟಿಯೂ ಇರಲಿ ಎಂದು ಅವನು ಹಟ ಹಿಡಿದಿದ್ದ.

"ಈ ಬಾಯಿದು ಎಂಬತ್ತಾರರ ಗಾಡಿ" ಎಂದಳು ರಹೀಮುನ್ನಿಸಾ.

ಕಾಶೀರಾಮ ಹೊಟ್ಟೆ ಹಿಡಿದು ನಕ್ಕ. "ಎಂಬತ್ತಾರು ಅಂದ್ರ ಅಚ್ಚು ಎಲ್ಲದ ಆಪಾ? ಇಲ್ಲಿ ನೋಡ್ರಿ, ಎಂಬತ್ತಾರು ಅಂದ್ರ ಹಿಂಗಿರ್ತದ" ಎಂದು ತನ್ನ ಗಾಡಿಯ ಅಂಚು ಒರೆಸಿ ತೋರಿಸಿದ.

ಆಕೆ ಬಗ್ಗಿ ನೋಡಿದಳು. ಎಂಟರ ಕೆಳಗಿನ ಸುತ್ತು ಮುರಿದಿತ್ತು. ಕಾಶೀರಾಮನ ಅಚ್ಚಿನ ಸುದ್ದಿ ಕೇಳಿದ್ದಳೇ ಹೊರತು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಆ ಮುರುಕು ಎಂಟು ಅಪ್ಪನದು. ಇಂಜಿನ್ ಬಿಚ್ಚಿ ಕಟ್ಟಿದ ಮೇಲೆ ಕರೀಮ ಸಾಬ ಬಿಸ್ಮಿಲ್ಲಾ ಎಂದು, ಅದರ ಅಂಕಿಯಾದ 786 ಒತ್ತುತ್ತಿದ್ದ. ಏಳು ಒತ್ತಿ, ಅಂಕಿ ಪಂಚುಗಳ ಡಬ್ಬಿಯಲ್ಲಿ ಎಂಟು ಹುಡುಕುವಷ್ಟರಲ್ಲಿ ಕೈ ಸರಿಯುತ್ತಿತ್ತು, ಅದಕ್ಕೇ ಆ ಸಂದು.

ಬಾಯಿ ಬಿಟ್ಟರೆ ಅಪ್ಪನನ್ನು ಕಳ್ಳ ಅಚ್ಚಿನವನು ಎನ್ನುತ್ತಾರೆ, ಗ್ಯಾರೇಜಿನ ಚೀಟಿಗೂ ಬೆಲೆ ಇರುವುದಿಲ್ಲ. ಬಿಡದಿದ್ದರೆ ಶಾಲುಬಾಯಿಯ ಗಾಡಿ ಮೋಡಕಾ ತಕ್ಕಡಿಗೆ. ರಹೀಮುನ್ನಿಸಾಗೆ ಭಯವಾಯಿತು, ಸುಳ್ಳೇಕೆ? ಭಯವಾದಾಗಲೆಲ್ಲ ಆಕೆಗೆ ಸಿಟ್ಟೂ ಬರುತ್ತಿತ್ತು. ಒಳಗೆ ಹೋಗಿ ಅಪ್ಪನ ಪಂಚಿನ ಡಬ್ಬಿ ತಂದಳು. ಹಳೆಯ ಮುಚ್ಚಳವೊಂದನ್ನು ನೆಲಕ್ಕಿಟ್ಟು ಸುತ್ತಿಗೆಯಿಂದ ಮೂರು ಏಟು ಹಾಕಿದಳು. ಏಳು, ಎಂಟು, ಆರು.

"ಹೋಲಿಸಿ ನೋಡ್ರಿ" ಎಂದು ಜಹೀರೋದ್ದೀನನ ಕೈಗೆ ಕೊಟ್ಟಳು. ಅವನು ಮೂರೂ ಬೈಕಿನ ಪಕ್ಕ ಹಿಡಿದು ನೋಡಿದ. ಎಲ್ಲದರಲ್ಲೂ ಅದೇ ಮುರುಕು ಎಂಟು.

ಕಾಶೀರಾಮನ ಮುಖ ಹುಳ್ಳಗಾಯಿತು. "ಅಂದ್ರ ನಿಮ್ಮಪ್ಪ ನಕಲಿ ಅಚ್ಚು ಒತ್ತಿ ಮಂದಿಗಿ ಮೋಸ ಮಾಡ್ಯಾನ!"

"ನಾಲಗಿ ಬಿಗಿ ಹಿಡಿ ಕಾಶೀರಾಮ! ನಮ್ಮಪ್ಪ ಒತ್ತಿದ್ದು ದೇವರ ಹೆಸರು. ಅದಕ್ಕ ಇಸವಿ ಅಂತ ಹೆಸರಿಟ್ಟು ಮಾರಿದಾಂವ ನೀ. ಈ ಅಂಕಿ ಇದ್ದದ್ದು ನಮ್ಮಪ್ಪ ಬಿಚ್ಚಿದ ಇಂಜಿನ್. ಇಲ್ಲದ್ದು ಯಾರೂ ಬಿಚ್ಚಲಾರದ್ದು ಇರ್ಬಹುದು. ಈ ಬಾಯಿದು ಅಂಥಾದ್ದು."

ಜಹೀರೋದ್ದೀನ ತಾನೇ ಗೋಣಿಚೀಲದ ಮೇಲೆ ಮಲಗಿ ಚುಕ್ಕೆ ಎಣಿಸಿ ಬಂದ. ಮಾರುತ್ತೀಯಾ ಎಂದು ಶಾಲುಬಾಯಿಯನ್ನು ಕೇಳಿದ. ಆಗ ಕಾಶೀರಾಮ ನಡುವೆ ನುಗ್ಗಿದ, ಅದನ್ನು ನಾನು ಮೊದಲೇ ಮಾತಾಡಿದ್ದೇನೆ ಎಂದ.

"ನೀವು ಮಾತಾಡಿದ್ದು ಡಬ್ಬಾದ ಸುದ್ದಿ ರೀ" ಎಂದಳು ಶಾಲುಬಾಯಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು. "ಇದು ಗಾಡಿ. ಇದರ ರೇಟ್ ನಾ ಹೇಳ್ತೇನಿ."

ಹೇಳಿದಳು. ಜಹೀರೋದ್ದೀನ ಒಪ್ಪಿದ.

ಕಾಶೀರಾಮ ಕುದಿಯುತ್ತಿದ್ದ. "ನನ್ನ ಮೂರಕ್ಕ ಏನ್ ಬರೀತೀರಿ ಈಗ? ಬರೀರಿ, ನೋಡ್ತೇನಿ! ನಾಳಿಂದ ಈ ಬಾಗಲಿಗಿ ಯಾವಾಂವ ಬರ್ತಾನ ಅದನ್ನೂ ನೋಡ್ತೇನಿ!"

ರಹೀಮುನ್ನಿಸಾ ಮಲಗಿದಳು, ನೋಡಿದಳು, ಎದ್ದಳು. ಮೊದಲ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಲೇ ಬರೆದಳು: "ಇಸವಿ ತೊಂಬತ್ತೆರಡು. ಬಿಚ್ಚಿ ಕಟ್ಟಿದವರು ನೌಬಾದಿನ ಕರೀಮ ಸಾಬ." ಅಡಿಯಲ್ಲಿ ಎಂದಿಗಿಂತ ದೊಡ್ಡದಾಗಿ ಸಹಿ ಹಾಕಿದಳು.

ಕಾಶೀರಾಮ ಚೀಟಿ ಕಸಿದು, ಮುದ್ದೆ ಮಾಡಿ ಎಸೆದು, ಆ ಗಾಡಿಯನ್ನೇ ಏರಿ ಸಿಟ್ಟಿನಿಂದ ಕಿಕ್ ಒದ್ದ. ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು.